ಜುಟ್ಟು ಸರಿಸಿ ನೋಡಿದ ಕಾಯಿ

ಅಮ್ಮ ತೆಂಗಿನಕಾಯಿ ಕೊಳ್ಳುವಾಗ ನೋಡಬೇಕು. ಮೊದಲು ಜುಟ್ಟು ಸರಿಸಿ, ಕಣ್ಣು ಒದ್ದೆಯಾಗಿದೆಯಾ ಅಂತ ನೋಡುತ್ತಾಳೆ. ಆಮೇಲೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಒಳಗೆ ನೀರು ಗುಳುಗುಳು ಅಂದರೆ ಮಾತ್ರ ಚೀಲಕ್ಕೆ. ಅಂಗಡಿಯವನು "ತಿಪಟೂರು ಕಾಯಿ ಅಮ್ಮಾ, ಕಣ್ಮುಚ್ಚಿ ತಗೊಳ್ಳಿ" ಅಂದರೂ ಕೇಳುವವಳಲ್ಲ.

ಹೋದ ವಾರ ನಾನು ಇಂಟರ್‌ವ್ಯೂ ಮಾಡಲು ಕೂತಿದ್ದೆ. ಅಕೌಂಟ್ಸ್‌ಗೆ ಒಬ್ಬರು ಬೇಕಾಗಿತ್ತು. ಮೊದಲು ಬಂದವರ ರೆಸ್ಯೂಮೆ ನಾಲ್ಕು ಪುಟ. 'ಎಕ್ಸೆಲ್ ಎಕ್ಸ್‌ಪರ್ಟ್' ಅಂತ ದಪ್ಪ ಅಕ್ಷರದಲ್ಲಿತ್ತು. ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿ, "ಈ 30 ಬಿಲ್‌ಗಳ ಮೊತ್ತ ಹಾಕಿ" ಅಂದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು ಕ್ಯಾಲ್ಕುಲೇಟರ್ ತೆರೆದರು.

ಎರಡನೆಯ ಹುಡುಗಿಯದು ಒಂದೇ ಪುಟ, ಅದರಲ್ಲೂ ಅರ್ಧ ಖಾಲಿ. ಅಪ್ಪನ ದಿನಸಿ ಅಂಗಡಿಯಲ್ಲಿ ಐದು ವರ್ಷ ಲೆಕ್ಕ ಬರೆದಿದ್ದಳಂತೆ. ಅದನ್ನು ರೆಸ್ಯೂಮೆಗೆ ಹಾಕಬೇಕು ಅಂತಲೇ ಅವಳಿಗೆ ಹೊಳೆದಿರಲಿಲ್ಲ. ಅದೇ ಬಿಲ್‌ಗಳನ್ನು ಕೊಟ್ಟೆ. ಮೊತ್ತ ಹಾಕುವ ಮೊದಲೇ, "ಸರ್, 11ನೇ ಸಾಲು, 17ನೇ ಸಾಲು ಒಂದೇ ಬಿಲ್ ಅಲ್ವಾ? ಎರಡು ಸಲ ಬಂದಿದೆ" ಅಂದಳು. ಬೇಕೆಂದೇ ಇಟ್ಟ ಪರೀಕ್ಷೆ ಅನ್ನುವ ಹಾಗೆ ಗಂಭೀರವಾಗಿ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ, ನನಗೇ ಗೊತ್ತಿರಲಿಲ್ಲ.

ಕಾಗದದಲ್ಲಿ ಜಾಸ್ತಿ ಕೊಚ್ಚಿಕೊಳ್ಳುವುದು ಹೊಸದೇನಲ್ಲ ಬಿಡಿ. ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ, ಮಿಲಾನ್ ಆಳುತ್ತಿದ್ದ ಲುಡೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಒಂದು ಪತ್ರ ಸಿದ್ಧಮಾಡಿದ್ದ. ಸೇತುವೆ ಕಟ್ಟಬಲ್ಲೆ, ಫಿರಂಗಿ ಮಾಡಬಲ್ಲೆ, ಸುರಂಗ ತೋಡಬಲ್ಲೆ ಅಂತ ಉದ್ದದ ಪಟ್ಟಿ. ಚಿತ್ರ ಬರೆಯುವ ಮಾತು ಬರುವುದು ಕೊನೆಗೆ! ಆದರೆ ಪತ್ರ ಮುಗಿಸುವಾಗ ಅವನು ಇನ್ನೊಂದು ಮಾತು ಸೇರಿಸುತ್ತಾನೆ. ಇದರಲ್ಲಿ ಯಾವುದಾದರೂ ಆಗದ ಕೆಲಸ ಅನ್ನಿಸಿದರೆ, ನಿಮ್ಮ ಉದ್ಯಾನದಲ್ಲೇ ಮಾಡಿ ತೋರಿಸಲು ತಯಾರು ಅಂತ. ಆ ಒಂದು ಮಾತಿಗೆ ಉಳಿದ ಜಂಬವನ್ನೆಲ್ಲ ಮಾಫಿ ಮಾಡಿದ್ದೇನೆ. ನನ್ನ ಮೇಜಿಗೆ ಬಂದ ಯಾವ ರೆಸ್ಯೂಮೆಯಲ್ಲೂ ಅದು ಇದುವರೆಗೆ ಕಂಡಿಲ್ಲ.

ಹಾಗಂತ ನನ್ನ ಆಯ್ಕೆ ಪ್ರತಿ ಸಲ ಸರಿಹೋಗಿದೆ ಅಂತಲ್ಲ. ಅಮ್ಮ ಅಲ್ಲಾಡಿಸಿ ತಂದ ಕಾಯಿಯೂ ಒಮ್ಮೊಮ್ಮೆ ಒಡೆದಾಗ ಕೊಳೆತಿರುತ್ತದೆ. ಅವಳು ಎರಡೂ ಹೋಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಬೇರೆಯದು ತರುತ್ತಾಳೆ. ನನಗೆ ಆ ಅನುಕೂಲ ಇಲ್ಲ.

ಹುಡುಗಿ ಸೋಮವಾರ ಕೆಲಸಕ್ಕೆ ಸೇರುತ್ತಾಳೆ. ಅಷ್ಟರೊಳಗೆ ನನ್ನ ಹಳೆಯ ಬಿಲ್‌ಗಳನ್ನೆಲ್ಲ ಒಮ್ಮೆ ತಿರುವಿ ನೋಡಬೇಕು, ಅವಳ ಕಣ್ಣಿಗೆ ಬೀಳುವ ಮೊದಲು.