ಎಲರೂ ಒಮೆ ಇಲಿ ಬನಿ

ನಮ್ಮ ಮನೆಯ ಪ್ರಿಂಟರು ಟೆಸ್ಟ್ ಪೇಜ್ ತೆಗೆಯುವುದರಲ್ಲಿ ಎತ್ತಿದ ಕೈ. ಬಣ್ಣದ ಪಟ್ಟಿಗಳೇನು, ಕೂದಲೆಳೆಯಂಥ ಗೆರೆಗಳೇನು, ಮುತ್ತು ಪೋಣಿಸಿದಂಥ ಅಕ್ಷರಗಳೇನು! ಡಾಕ್ಟರ ಮುಂದೆ ಕೂತ ಕೂಡಲೇ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ನಮ್ಮ ಕೆಲಸ ಕೊಟ್ಟಾಗ ಮಾತ್ರ ಅದಕ್ಕೆ ಅಕ್ಷರ ಮರೆತುಹೋಗುತ್ತದೆ. ಟೆಸ್ಟ್ ಪೇಜ್ ಯಾರಿಗೆ ಬೇಕು ಹೇಳಿ? ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದವರನ್ನು ನಾನಂತೂ ಕಂಡಿಲ್ಲ.

ಈ ಸಿಟ್ಟಿಗೆ ಮೂಲ ನನ್ನ ಸೋದರಮಾವ. ರಿಟೈರಾದ ಕನ್ನಡ ಮೇಷ್ಟ್ರು. ಪದ್ಯ ಬರೆಯುತ್ತಾರೆ. ನಲವತ್ತೆರಡು ಪುಟದ ಒಂದು ಸಂಕಲನ ಮಾಡಿ, ಪಿಡಿಎಫ್ ಕಳಿಸಿ, 'ಐದು ಕಾಪಿ ತೆಗೆದಿಡಯ್ಯ, ಮನೆಯವರಿಗೆ ಕೊಡೋದಕ್ಕೆ' ಎಂದರು. ಸ್ಕ್ರೀನಿನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಪ್ರಿಂಟ್ ಒತ್ತಿ ಸ್ನಾನಕ್ಕೆ ಹೋದೆ. ಅದೇ ತಪ್ಪು. ಪ್ರಿಂಟರನ್ನು ಒಂಟಿಯಾಗಿ ಬಿಡಬಾರದು.

ಬಂದು ನೋಡಿದರೆ ಒತ್ತಕ್ಷರಗಳೆಲ್ಲ ಮಂಗಮಾಯ. ನಲವತ್ತೆರಡು ಪುಟಗಳಲ್ಲಿ ಒಂದೇ ಒಂದು ಒತ್ತು ಇಲ್ಲ. ಅಕ್ಷರಗಳ ಕೆಳಗೆಲ್ಲ ಬೋಳು ಬೋಳು. 'ಅಮ್ಮನಿಗೆ' ಎಂಬ ಅರ್ಪಣೆ 'ಅಮನಿಗೆ' ಆಗಿತ್ತು. ಹದಿನೇಳನೇ ಪುಟದ ಕತ್ತೆ ಕತೆಯಾಗಿತ್ತು. ಮಾವನ ಹೆಸರಿನಲ್ಲಿ ಒತ್ತು ಇಲ್ಲ, ಹಾಗಾಗಿ ಅದೊಂದು ನೆಟ್ಟಗೆ ಬಂದಿತ್ತು. ಇದಕ್ಕೆಲ್ಲ ಹೊಣೆ ಯಾರು ಎಂಬುದು ಮಾತ್ರ ಸ್ಪಷ್ಟವಾಗಿರಲಿ ಎಂಬಂತೆ.

ಮೊದಲ ಪದ್ಯದ ಮೊದಲ ಎರಡು ಸಾಲು ಮಾವ ಬರೆದದ್ದು ಹೀಗೆ:

ಎಲ್ಲರೂ ಒಮ್ಮೆ ಇಲ್ಲಿ ಬನ್ನಿ
ಬಳ್ಳಿಯ ನೆರಳಲ್ಲಿ ಕುಳ್ಳಿರಿ

ಕಾಗದದ ಮೇಲೆ ಬಂದದ್ದು:

ಎಲರೂ ಒಮೆ ಇಲಿ ಬನಿ
ಬಳಿಯ ನೆರಳಲಿ ಕುಳಿರಿ

ಮುಚ್ಚಿಡೋಣ ಅಂದುಕೊಳ್ಳುವಷ್ಟರಲ್ಲಿ ಮಾವನೇ ಬಂದುಬಿಟ್ಟರು. ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ.

'ಎಲರ್ ಅಂದ್ರೆ ಏನು, ಗೊತ್ತಾ?' ಎಂದರು.

ಗೊತ್ತಿಲ್ಲ ಎಂದೆ.

'ಗಾಳಿ ಕಣಯ್ಯ. ಹಳಗನ್ನಡ. ತಂಬೆಲರ್ ಅಂತ ಕೇಳಿಲ್ವಾ? ತಂಪು ಗಾಳಿ. ಎಲರೂ ಅಂದ್ರೆ ಗಾಳಿಯೂ ಅಂತಾಯ್ತು.'

ನನಗೆ ಏನು ಹೇಳಬೇಕೋ ತೋಚಲಿಲ್ಲ. ಮಾವ ಖುರ್ಚಿ ಎಳೆದುಕೊಂಡು ಕೂತರು. ಬನಿ ಅಂದರೆ ಸಾರ, ರಸ. ಕಾವ್ಯದ ಬನಿ ಅನ್ನುತ್ತೇವಲ್ಲ. ಕುಳಿರ್ ಅಂದರೆ ಚಳಿ, ತಂಪು. ಬಳಿಯ ನೆರಳು ಅಂದರೆ ಹತ್ತಿರದ ನೆರಳು. 'ನೆರಳಲಿ' ಅಂತೂ ಪದ್ಯದಲ್ಲಿ 'ನೆರಳಲ್ಲಿ'ಗಿಂತ ಸಲೀಸು, ಅದನ್ನು ತಾವೇ ಹಾಗೆ ಬರೆಯಬೇಕಿತ್ತು. ಒಟ್ಟಿನಲ್ಲಿ ಗಾಳಿ, ರಸ, ನೆರಳು, ತಂಪು. 'ನಾನು ಬರೆದದ್ದು ಬರೀ ಕರೆಯೋಲೆ. ಇದು ಪದ್ಯ ಕಣೋ!'

'ಇಲಿ?' ಎಂದೆ.

'ಇರಲಿ ಬಿಡು. ಓದುವವನು ಒಂದು ಕಡೆ ಎಡವಬೇಕು.'

'ಒಮೆ' ಒಂದಕ್ಕೆ ಮಾತ್ರ ಅವರಿಗೆ ಎಲ್ಲಿಯೂ ಅರ್ಥ ಸಿಗಲಿಲ್ಲ. ನಿಘಂಟು ಇಳಿಸಿ ಅರ್ಧ ಗಂಟೆ ಹುಡುಕಿದರು. ಕೊನೆಗೆ ನಿಟ್ಟುಸಿರು ಬಿಟ್ಟು, 'ಅದೊಂದು ಸರಿ ಮಾಡಿಸು' ಎಂದರು. ಎಲ್ಲ ಒತ್ತು ಬಿಟ್ಟು ಆ ಒಂದೇ ಒತ್ತನ್ನು ಹಾಕು ಎಂದು ಪ್ರಿಂಟರಿಗೆ ಯಾವ ಭಾಷೆಯಲ್ಲಿ ಹೇಳುವುದು?

ಅವರು ಹೋದ ಮೇಲೆ ರಿಪೇರಿಗೆ ಕೂತೆ. ಇಂಥ ಹೊತ್ತಿನಲ್ಲಿ ಸಲಹೆ ಕೊಡುವವರಿಗೆ ಬರಗಾಲವಿಲ್ಲ. ಮೊದಲನೆಯವರು, 'ಆಫ್ ಮಾಡಿ ಆನ್ ಮಾಡಿದ್ರಾ?' ಎಂದರು. ಮಾಡಿದ್ದೆ. ಎರಡನೆಯವರು ಡ್ರೈವರ್ ಕಿತ್ತು ಹೊಸದು ಹಾಕಿ ಎಂದರು. ಹಾಕಿದೆ. ಮೂರನೆಯವರು ಹೆಡ್ ಕ್ಲೀನಿಂಗ್ ಮಾಡಿಸಿ ಎಂದರು. ಹೆಡ್ ಕ್ಲೀನಿಂಗ್ ಅಂದರೆ ಇಂಕಿನಿಂದಲೇ ಇಂಕಿನ ಬಾಯಿ ತೊಳೆಯುವುದು. ಮೂರು ಸಲ ತೊಳೆಸಿದೆ. ಇಂಕು ಇಳಿಯಿತು, ಒತ್ತು ಬರಲಿಲ್ಲ. ಮಧ್ಯೆ ಮಧ್ಯೆ ಪ್ರತಿಯೊಬ್ಬರೂ 'ಒಂದು ಟೆಸ್ಟ್ ಪೇಜ್ ತೆಗೀರಿ' ಅನ್ನುತ್ತಿದ್ದರು. ತೆಗೆದೆ. ಬಣ್ಣದ ಪಟ್ಟಿ, ಕೂದಲೆಳೆ ಗೆರೆ, ಮುತ್ತಿನಂಥ ಅಕ್ಷರ. ನಾಲ್ಕು ಟೆಸ್ಟ್ ಪೇಜ್ ಈಗಲೂ ಮೇಜಿನ ಮೇಲಿವೆ. ಹಿಂಬದಿಯಲ್ಲಿ ಲೆಕ್ಕ ಬರೆದುಕೊಳ್ಳುತ್ತೇನೆ.

ನನ್ನ ಸಿಟ್ಟು ಅಕ್ಷರ ಹೋದದ್ದಕ್ಕಲ್ಲ. ಹೇಳದೆ ಹೋದದ್ದಕ್ಕೆ. ಕಾಗದ ಮುಗಿದರೆ ಪ್ರಿಂಟರು ಕೂಗುತ್ತದೆ, ಮುಚ್ಚಳ ತೆರೆದಿದ್ದರೆ ಕೆಂಪು ದೀಪ ಮಿಟುಕಿಸುತ್ತದೆ. ನಲವತ್ತೆರಡು ಪುಟದ ಒತ್ತು ನುಂಗಿದಾಗ ಮಾತ್ರ ಹಸಿರು ದೀಪ! ಇದು ಹಳೆಯ ಚಾಳಿ. 1985ರಲ್ಲಿ ಆ್ಯಪಲ್‌ನ ಲೇಸರ್‌ರೈಟರ್ ಎಂಬ ಪ್ರಿಂಟರು ಬಂದಾಗ ಅದರ ಹೊಟ್ಟೆಯಲ್ಲಿ ಇದ್ದದ್ದು 13 ಫಾಂಟುಗಳು. ನೀವು ಕೇಳಿದ ಫಾಂಟ್ ಸಿಗಲಿಲ್ಲವಾ, ಕೊರಿಯರ್ ಹಾಕಿ ಕಳಿಸಿಬಿಡುವುದು. ಕೊರಿಯರ್ ಅಂದರೆ 1950ರ ದಶಕದಲ್ಲಿ ಟೈಪ್‌ರೈಟರಿಗೆಂದು ಮಾಡಿದ ಅಕ್ಷರ. ಒಂದು ಕಡ್ಡಿಯಂಥ ಐಗೂ ದಪ್ಪ ಎಮ್ಮಿಗೂ ಒಂದೇ ಅಗಲದ ಜಾಗ. ಚೆಂದವಾಗಿ ಕೂಡಿಸಿದ ಪುಟ ಪೊಲೀಸ್ ವರದಿಯ ಹಾಗೆ ಹೊರಗೆ ಬರುತ್ತಿತ್ತು. ಕನ್ನಡದವರ ಪಾಡು ಇನ್ನೂ ಚೆಂದ. ಹಳೆಯ 'ನುಡಿ', 'ಬರಹ' ಎಂಬ ಫಾಂಟುಗಳ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದವರಿಗೆ ಗೊತ್ತು. 'ಕನ್ನಡ' ಎಂಬ ಮೂರಕ್ಷರದ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ ಮೂರು ಸಲ, ನಡುವೆ ಒಂದು ಪೌಂಡಿನ ಗುರುತು. ಆ ಎ ಬೇರೇನಲ್ಲ, ನಮ್ಮ ತಲೆಕಟ್ಟು. ವೇಷ ಮರೆಸಿಕೊಂಡು ಕೂತಿರುತ್ತಿತ್ತು.

ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್ ಬಂದ ಮೇಲೆ ಆ ವೇಷ ತಪ್ಪಿತು. ಆದರೆ ಅಲ್ಲಿಯೂ ಒತ್ತಿಗೆ ಸ್ವಂತ ವಿಳಾಸವಿಲ್ಲ. ನಾವು ಬರೆಯುವ ಎರಡಕ್ಷರದ 'ಇಲ್ಲಿ' ಕಂಪ್ಯೂಟರಿಗೆ ಐದು: ಇ, ಲ, 'ಲ್' ಎಂದು ಬರೆಯುವಾಗ ಹಾಕುವ ಬರೀ ಕೊಕ್ಕೆ, ಮತ್ತೆ ಲ, ಆಮೇಲೆ ಗುಡಿಸು. ಆ ಕೊಕ್ಕೆ ಕಂಡ ಕೂಡಲೇ ಎರಡನೇ ಲಕಾರವನ್ನು ಕೆಳಗೆ ಇಳಿಸಿ ಒತ್ತಾಗಿ ಕೂರಿಸುವ ಕೆಲಸ ಫಾಂಟಿನದು. ಅಂದರೆ ಒತ್ತು ಫಾಂಟಿನ ಮನೆಯಲ್ಲಿ ಬಾಡಿಗೆಗಿರುವವನು. ಫಾಂಟಿನ ಚೂರುಗಳನ್ನು ಪ್ರಿಂಟರಿಗೆ ಸಾಗಿಸುವಾಗ ಅವನನ್ನು ಮರೆತು ಬಂದರೆ ಕೇಳುವವರಾರು? ಲಿ ಉಳಿಯಿತು, ಇಲಿ ಆಯಿತು.

ಇಷ್ಟು ತಿಳಿದುಕೊಂಡದ್ದರಿಂದ ಏನಾದರೂ ಸರಿಹೋಯಿತಾ ಅಂದರೆ, ಇಲ್ಲ. ಸರಿಮಾಡಿದ್ದು ಪಕ್ಕದ ಮನೆಯ ಹುಡುಗಿ. ಒಂಬತ್ತನೇ ಕ್ಲಾಸು. ಪ್ರಿಂಟ್ ಕಿಟಕಿಯಲ್ಲಿ 'ಅಡ್ವಾನ್ಸ್ಡ್' ಎಂಬ ಗುಂಡಿ ಒತ್ತಿ, 'ಪ್ರಿಂಟ್ ಆ್ಯಸ್ ಇಮೇಜ್' ಎಂಬಲ್ಲಿ ಗುರುತು ಹಾಕಿದಳು. ಆಗ ಅಕ್ಷರ ಎಂದು ಏನೂ ಹೋಗುವುದಿಲ್ಲವಂತೆ. ಇಡೀ ಪುಟ ಒಂದು ಫೋಟೋ ಥರ ಹೋಗುತ್ತದಂತೆ. ಪ್ರಿಂಟರಿಗೆ ಓದಲು ಬಿಡಬಾರದು, ನೋಡಿ ಬರೆಯಲು ಮಾತ್ರ ಬಿಡಬೇಕು. ಸ್ವಲ್ಪ ನಿಧಾನ, ಅಷ್ಟೆ. 'ಅಂಕಲ್, ಇಷ್ಟೇನಾ?' ಎಂದು ಕೇಳಿ ಹೊರಟುಹೋದಳು. ಆ 'ಇಷ್ಟೇನಾ'ದ ಒತ್ತು ನನಗೆ ಚೆನ್ನಾಗಿಯೇ ನಾಟಿತು.

ಐದು ಕಾಪಿ ಒತ್ತುಗಳ ಸಮೇತ ಬಂದವು. ಕೊಟ್ಟೆ. ಮಾವ ಮೊದಲ ಪುಟ ನೋಡಿ, 'ಹೂಂ, ಸರಿ ಇದೆ' ಎಂದರು. ಸರಿ ಇಲ್ಲ ಎನ್ನುವ ದನಿಯಲ್ಲಿ. ಆಮೇಲೆ ಮೆಲ್ಲಗೆ, 'ಆ ಹಳೇ ಕಾಪಿ ಎಲ್ಲಿ?' ಎಂದರು. ಅದರ ಬೆನ್ನಿಗೆ ಆಗಲೇ ಮಕ್ಕಳು ಚಿತ್ರ ಬಿಡಿಸಿಯಾಗಿತ್ತು. 'ಹೋಗಲಿ, ಹಾಗೇ ಇನ್ನೊಂದು ತೆಗೆದುಕೊಡು. ಎರಡನೇ ಸಂಕಲನಕ್ಕೆ ಬೇಕು.'

ಅದಕ್ಕೇನಂತೆ ಎಂದು ಇಮೇಜ್ ಗುರುತು ತೆಗೆದು ಪ್ರಿಂಟ್ ಒತ್ತಿದೆ. ಈ ಸಲ ಪಕ್ಕದಲ್ಲೇ ನಿಂತಿದ್ದೆ. ಎಲ್ಲರೂ, ಒಮ್ಮೆ, ಇಲ್ಲಿ, ಬನ್ನಿ. ಒಂದು ಒತ್ತೂ ಬಿಟ್ಟಿರಲಿಲ್ಲ.