ಯುದ್ಧಕಾಲದಲ್ಲಿ ಜರ್ಮನ್ ಮಾತಿಗೆ ಬೀಗ: ಸರಿಯಾ, ತಪ್ಪಾ?

ಪರ

ಮೊದಲ ಮಹಾಯುದ್ಧದಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಹೋರಾಡುತ್ತಿದ್ದ ಕಾಲ. 1918ರ ಮೇ 23ರಂದು ಅಮೆರಿಕದ ಅಯೋವಾ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆದೇಶ ಹೊರಡಿಸಿದರು. ಶಾಲೆ, ರೈಲು, ಟೆಲಿಫೋನ್, ಸಭೆ, ಚರ್ಚು, ಎಲ್ಲ ಕಡೆಯೂ ಇಂಗ್ಲಿಷ್ ಮಾತ್ರ. ಇವತ್ತು ಕೇಳಿದರೆ ಜಾಸ್ತಿಯಾಯ್ತು ಅನಿಸುತ್ತದೆ. ಆದರೆ ಆಗಿನ ಭಯ ಸುಮ್ನೆ ಹುಟ್ಟಿದ್ದಲ್ಲ. 1916ರ ಜುಲೈನಲ್ಲಿ ಜರ್ಮನ್ ಏಜೆಂಟರು ನ್ಯೂಯಾರ್ಕ್ ಬಂದರಿನ ಬ್ಲ್ಯಾಕ್ ಟಾಮ್‌ನಲ್ಲಿ ಮದ್ದುಗುಂಡಿನ ದಾಸ್ತಾನನ್ನೇ ಸ್ಫೋಟಿಸಿದ್ದರು. ಮರುವರ್ಷ, ಅಮೆರಿಕದ ಜೊತೆ ಯುದ್ಧವಾದರೆ ನಮ್ಮ ಕಡೆ ಬನ್ನಿ ಎಂದು ಜರ್ಮನಿ ಮೆಕ್ಸಿಕೋಗೆ ಗುಪ್ತ ತಂತಿ ಕಳಿಸಿತ್ತು. ಮಗನನ್ನು ಫ್ರಾನ್ಸಿನ ಯುದ್ಧಭೂಮಿಗೆ ಕಳಿಸಿದ ತಾಯಿಗೆ, ಪಕ್ಕದಲ್ಲೇ ಶತ್ರುದೇಶದ ಮಾತು ಕೇಳಿಸಿದರೆ ಎದೆ ಧಸಕ್ಕೆನ್ನುವುದು ಸಹಜ ಅಲ್ವಾ? ಒಂದೇ ಊರಲ್ಲಿ ಬಾಳುವವರಿಗೆ ಎಲ್ಲರಿಗೂ ತಿಳಿಯುವ ಒಂದು ಮಾತು ಬೇಕೇ ಬೇಕು.

ವಿರೋಧ

ಇಂಗ್ಲಿಷ್ ಕಲಿಯಿರಿ ಅನ್ನುವುದು ಬೇರೆ, ಬಾಯಿ ಮುಚ್ಚಿ ಅನ್ನುವುದು ಬೇರೆ. ಬಂದರಿಗೆ ಬೆಂಕಿ ಇಟ್ಟವರು ಗೂಢಚಾರರು. ಅಯೋವಾದಲ್ಲಿ ದಂಡ ಬಿದ್ದದ್ದು ಫೋನಿನಲ್ಲಿ ಜರ್ಮನ್ ಮಾತಾಡಿದ ರೈತರ ಮನೆ ಹೆಂಗಸರಿಗೆ. ಡೇನಿಷ್, ನಾರ್ವೇಜಿಯನ್, ಚೆಕ್ ಮಾತಾಡುವವರಿಗೂ ಅದೇ ಆದೇಶ. ಅವರು ಯಾರಿಗೆ ಶತ್ರುಗಳು? ಇಂಗ್ಲಿಷ್ ಬಾರದವರು ಮನೆಯಲ್ಲೇ ಪ್ರಾರ್ಥನೆ ಮಾಡಿಕೊಳ್ಳಲಿ ಅಂದರು. ವಯಸ್ಸಾದ ಅಜ್ಜಿಗೆ ಚರ್ಚಿನ ಬಾಗಿಲೇ ಮುಚ್ಚಿದ ಹಾಗೆ.

ಇದಕ್ಕೆ ಏಳು ವಾರ ಮೊದಲು ಇಲಿನಾಯ್‌ನ ಕಾಲಿನ್ಸ್‌ವಿಲ್‌ನಲ್ಲಿ ಏನಾಗಿತ್ತು ನೋಡಿ. ಗುಂಪೊಂದು ರಾಬರ್ಟ್ ಪ್ರೇಗರ್ ಎಂಬ ಜರ್ಮನ್ ವಲಸಿಗನನ್ನು ಬರಿಗಾಲಲ್ಲಿ ಬೀದಿಯುದ್ದ ನಡೆಸಿ, ಊರಾಚೆ ಮರಕ್ಕೆ ನೇಣು ಹಾಕಿತು. ಅವನು ಅಮೆರಿಕದ ನೌಕಾಪಡೆ ಸೇರಲು ಹೋಗಿದ್ದವನು. ಸಾಯುವ ಮುಂಚೆ ಒಂದು ಚೀಟಿ ಬರೆಯಲು ಬಿಟ್ಟರು. ಡ್ರೆಸ್ಡೆನ್‌ನಲ್ಲಿದ್ದ ಅಪ್ಪ-ಅಮ್ಮನಿಗೆ, ನನಗಾಗಿ ಪ್ರಾರ್ಥಿಸಿ ಎಂದು ಬರೆದ. ಬರೆದದ್ದು ಜರ್ಮನ್‌ನಲ್ಲಿ. ಬೇರೆ ಯಾವ ಮಾತಲ್ಲಿ ಬರೆಯಬೇಕಿತ್ತು? ವಿಚಾರಣೆಗೆ ನಿಂತ 11 ಮಂದಿಯೂ ಖುಲಾಸೆಯಾದರು. ಹಾರ್ಡಿಂಗ್ ಆದೇಶ ಹೊರಬಿದ್ದದ್ದು ಈ ಕೊಲೆಯ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ.

ಯುದ್ಧ ಮುಗಿದರೂ ಬೀಗ ತೆಗೆಯಲಿಲ್ಲ. ಎಂಟನೇ ತರಗತಿ ಮುಗಿಯದ ಮಕ್ಕಳಿಗೆ ಬೇರೆ ಭಾಷೆ ಕಲಿಸಬಾರದು ಎಂದು 1919ರಲ್ಲಿ ನೆಬ್ರಾಸ್ಕಾ ರಾಜ್ಯ ಕಾನೂನು ಮಾಡಿತು. ಮರುವರ್ಷ ರಾಬರ್ಟ್ ಮೇಯರ್ ಎಂಬ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್‌ನಲ್ಲಿ ಬೈಬಲ್ ಕಥೆ ಓದಿಸುತ್ತಿದ್ದರು. ಸರ್ಕಾರಿ ವಕೀಲರು ಒಳಗೆ ಬಂದದ್ದು ಕಂಡರೂ ಮೇಷ್ಟ್ರು ಇಂಗ್ಲಿಷ್‌ಗೆ ಹೊರಳಲಿಲ್ಲ. 25 ಡಾಲರ್ ದಂಡ ಬಿತ್ತು. ಕಟ್ಟಿ ಕೈತೊಳೆದುಕೊಳ್ಳದೆ ಸುಪ್ರೀಂ ಕೋರ್ಟಿನವರೆಗೂ ಹೋದರು. 1923ರ ಜೂನ್‌ನಲ್ಲಿ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಅಷ್ಟೊತ್ತಿಗೆ ಯುದ್ಧ ಮುಗಿದು ನಾಲ್ಕೂವರೆ ವರ್ಷವಾಗಿತ್ತು. ಆ ಹುಡುಗನಿಗೆ ಹದಿಮೂರು ತುಂಬಿರಬೇಕು.