ಪ್ರೇಕ್ಷಕರ ಗ್ಯಾಲರಿ ನೋಡಿಕೊಂಡು ಬರೆದವನು

ಆನ್ರಿ ರೋಶ್‌ಫೋರ್ ಅಂತ ಒಬ್ಬ ಫ್ರೆಂಚ್ ಪತ್ರಕರ್ತನಿದ್ದ. ಹುಟ್ಟಿದ್ದು 1831ರಲ್ಲಿ, ಪ್ಯಾರಿಸ್‌ನ ಒಂದು ಕುಲೀನ ಮನೆತನದಲ್ಲಿ. ಆದರೆ ಕೈಯಲ್ಲಿ ಕಾಸಿರಲಿಲ್ಲ. ನಗರಸಭೆಯಲ್ಲಿ ಗುಮಾಸ್ತನಾಗಿ ಸೇರಿಕೊಂಡ. ಬಿಡುವಿನಲ್ಲಿ ವಾಡೆವಿಲ್ ಬರೆದ. ಅಂದರೆ ಹಾಡು, ಹಾಸ್ಯ ಬೆರೆಸಿದ ಹಗುರ ನಾಟಕಗಳು. ಆ ನಾಟಕಗಳನ್ನು ಇವತ್ತು ಯಾರೂ ಓದಲ್ಲ. ಆದರೆ ಯಾವ ಮಾತಿಗೆ ಜನ ನಗ್ತಾರೆ ಅನ್ನೋದನ್ನು ಅವನು ಕಲಿತದ್ದು ಅಲ್ಲೇ.

1868ರಲ್ಲಿ 'ಲಾ ಲಾಂತೆರ್ನ್' ಶುರು ಮಾಡಿದ. ಕೆಂಪು ಹೊದಿಕೆಯ ಪುಟ್ಟ ವಾರಪತ್ರಿಕೆ. ಆಗ ಫ್ರಾನ್ಸ್ ಆಳುತ್ತಿದ್ದವನು ಚಕ್ರವರ್ತಿ ಮೂರನೇ ನೆಪೋಲಿಯನ್. ಮೊದಲ ಸಂಚಿಕೆಯಲ್ಲೇ ರೋಶ್‌ಫೋರ್ ತಾನೂ ಬೊನಾಪಾರ್ಟ್ ಭಕ್ತ, ಅಂದರೆ ನೆಪೋಲಿಯನ್ ಮನೆತನದ ಭಕ್ತ ಅಂತ ಘೋಷಿಸಿಕೊಂಡ. ಆದರೆ ಅವನಿಗೆ ಇಷ್ಟವಾದ ದೊರೆ ಎರಡನೇ ನೆಪೋಲಿಯನ್ನಂತೆ! ಅವನ ಕಾಲದಲ್ಲಿ ತೆರಿಗೆ ಇಲ್ಲ, ಯುದ್ಧ ಇಲ್ಲ, ಎಂಥಾ ಆಳ್ವಿಕೆ! ವಿಷಯ ಏನಂದ್ರೆ, ಆ ಎರಡನೆಯವನು ಆಳಿದ್ದೇ ಇಲ್ಲ. ವಿಯೆನ್ನಾದಲ್ಲಿ 21ನೇ ವಯಸ್ಸಿಗೇ ತೀರಿಕೊಂಡ ಹುಡುಗ ಅವನು. ಒಂದು ಬೈಗುಳವಿಲ್ಲದೆ ರೋಶ್‌ಫೋರ್ ಚಕ್ರವರ್ತಿಯ ಮಾನ ಕಳೆದಿದ್ದ.

ಕೆಲವೇ ವಾರಗಳಲ್ಲಿ ಪತ್ರಿಕೆ ಜಪ್ತಿಯಾಯಿತು. ಅವನು ಬ್ರಸೆಲ್ಸ್‌ಗೆ ಓಡಿ ಸಾಹಿತಿ ವಿಕ್ಟರ್ ಹ್ಯೂಗೋ ಮನೆಯಲ್ಲಿ ಉಳಿದ. ಆಮೇಲೆ ಚುನಾವಣೆ, ಜೈಲು, ಪ್ಯಾರಿಸ್ ಕಮ್ಯೂನ್. ಅಂದರೆ 1871ರಲ್ಲಿ ಪ್ಯಾರಿಸ್ ಜನ ದಂಗೆಯೆದ್ದು ಕಟ್ಟಿಕೊಂಡ, ಬೇಗನೇ ಮುರಿದುಬಿದ್ದ ಸರ್ಕಾರ. ಕಮ್ಯೂನ್ ಕಾಲದ ಬರಹಗಳಿಗಾಗಿ ಅವನನ್ನು ದೂರದ ಪೆಸಿಫಿಕ್ ದ್ವೀಪ ನ್ಯೂ ಕ್ಯಾಲೆಡೋನಿಯಾಕ್ಕೆ ಗಡೀಪಾರು ಮಾಡಿದರು. 1874ರ ಮಾರ್ಚ್‌ನ ಒಂದು ರಾತ್ರಿ ಇನ್ನೂ ಐವರ ಜೊತೆ ಅಲ್ಲಿಂದ ಪರಾರಿ. ದೋಣಿಯಿಂದ ಹಡಗು ಹತ್ತಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ತಲುಪಿದರು. ಚಿತ್ರಕಾರ ಮಾನೆ ಇದನ್ನೇ ಎರಡು ಸಲ ಬರೆದಿದ್ದಾನೆ. ಪ್ಯಾರಿಸ್‌ನ ಓರ್ಸೇ ಮ್ಯೂಸಿಯಂನಲ್ಲಿರುವ ಚಿತ್ರದ ತುಂಬಾ ಬರೀ ಸಮುದ್ರ. ಮಧ್ಯೆ ಒಂದು ಚಿಕ್ಕ ದೋಣಿ, ಆಚೆ ದೂರದಲ್ಲಿ ಚುಕ್ಕೆಯಷ್ಟು ಹಡಗು.

ಕತೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

1880ರಲ್ಲಿ ಕ್ಷಮಾದಾನ ಸಿಕ್ಕಿತು. ವಾಪಸ್ ಬಂದು ಹೊಸ ಪತ್ರಿಕೆ ತೆಗೆದ. ಮುಂದೆ ಜನರಲ್ ಬೂಲಾಂಜೆಗೆ, ಅಂದರೆ ಅಧಿಕಾರ ಕಿತ್ತುಕೊಂಡಾನು ಅಂತ ಸರ್ಕಾರ ಹೆದರಿದ್ದ ಸೇನಾನಿಗೆ, ಜೈ ಅಂದ. ಆ ದೆಸೆಯಿಂದ ಮತ್ತೆ ದೇಶ ಬಿಟ್ಟು ಲಂಡನ್‌ನಲ್ಲಿ ಕೂತ. ಕೊನೆಗೆ ಡ್ರೇಫಸ್ ಪ್ರಕರಣ. ಸುಳ್ಳು ಆರೋಪದ ಮೇಲೆ ದ್ವೀಪಕ್ಕೆ ಗಡೀಪಾರಾದ ಯೆಹೂದಿ ಸೇನಾಧಿಕಾರಿ. ದ್ವೀಪದಲ್ಲಿ ಸೆರೆಯಿರುವುದು ಹೇಗಿರುತ್ತೆ ಅಂತ ರೋಶ್‌ಫೋರ್‌ಗೆ ಗೊತ್ತಿರಲಿಲ್ವಾ? ಆದರೂ ಅವನು ನಿಂತದ್ದು ಡ್ರೇಫಸ್ ವಿರುದ್ಧ. ಡ್ರೇಫಸ್ ಪರ ಬರೆದ ಕಾದಂಬರಿಕಾರ ಝೋಲಾನನ್ನೂ ಬಿಡಲಿಲ್ಲ. ಯೆಹೂದಿಗಳ ಮೇಲೆ ವಿಷ ಕಾರಿದ.

ವಯಸ್ಸಾದ ಮೇಲೆ ಕೆಟ್ಟ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಅವನ ವರಸೆ ಮೊದಲಿನಿಂದಲೂ ಒಂದೇ. ಒಬ್ಬ ಮನುಷ್ಯನನ್ನು ಹಿಡ್ಕೊ, ಜನರ ಮುಂದೆ ನಿಲ್ಲಿಸು, ನಗಿಸು. ವಾದ ಗೀದ ಏನೂ ಬೇಡ. ಎದುರಿಗೆ ಚಕ್ರವರ್ತಿ ಇದ್ದಾಗ ಅದು ಧೈರ್ಯ. ಅದಕ್ಕೆ ಜೈಲನ್ನೂ ಅನುಭವಿಸಿದ, ಸುಮ್ನೆ ತಳ್ಳಿಹಾಕೋಕಾಗಲ್ಲ. ಎದುರಿಗೆ ಸಂಕೋಲೆ ಹಾಕಿಸಿಕೊಂಡ ಕೈದಿ ಇದ್ದಾಗ ಅದೇ ಕೆಲಸ ಬರೀ ಕ್ರೌರ್ಯ. ಅದನ್ನು ಕೊಂಡು ಓದಿ ನಕ್ಕವರೂ ಕಡಿಮೆ ಇರಲಿಲ್ಲ.